ಮರದಿಂದ ಇಳಿದ ಸುದ್ದಿ

ನಗರಸಭೆಯ ಮರಗಳನ್ನು ನೋಡಿಕೊಳ್ಳುವ ಗುತ್ತಿಗೆ ಸಿಗಬೇಕಾದರೆ ಮೊದಲು ಬೇರೆ ಯಾವುದಾದರೂ ನಗರಸಭೆಯ ಮರಗಳನ್ನು ನೋಡಿಕೊಂಡಿರಬೇಕು ಎಂಬುದು ಆಗಿನ ನಿಯಮ. ಆ ಮೊದಲನೆಯ ನಗರಸಭೆ ಸಿಗುವ ಬಗೆ ಯಾವುದು ಎಂಬ ವಿಷಯದಲ್ಲಿ ನಿಯಮ ಮಾತಾಡುತ್ತಿರಲಿಲ್ಲ.

ಅಹಮದಾಬಾದಿನಲ್ಲಿ ಕೇಳಿದೆ. "ಬರೋಡಾದಲ್ಲಿ ಮಾಡಿದ್ದೀರಾ?" ಎಂದರು. ಈಗಿನ ವಡೋದರಾ ಆಗ ನಮ್ಮೆಲ್ಲರ ಬಾಯಲ್ಲಿ ಬರೋಡಾ. ಪ್ಯಾಸೆಂಜರ್ ಗಾಡಿ ಹತ್ತಿ ಬರೋಡಾಕ್ಕೆ ಹೋದೆ. "ಅಹಮದಾಬಾದಿನವರು ಅಂತೀರಿ, ನಿಮ್ಮೂರಲ್ಲೇ ನಿಮಗೆ ಕೆಲಸ ಕೊಟ್ಟಿಲ್ಲವಾ?" ಎಂದು ಅಲ್ಲಿ ಮರುಕಪಟ್ಟರು. ಸೂರತ್ತಿನವರು ಬಹಳ ಮರ್ಯಾದಸ್ಥರು. ಕೂರಿಸಿ, ಚಹಾ ತರಿಸಿಕೊಟ್ಟು, ಎರಡೂ ಊರುಗಳಿಂದ ಪತ್ರ ತಂದರೆ ಬಹಳ ಒಳ್ಳೆಯದು, ಒಂದೇ ಊರಿನದಾದರೂ ನಡೆಸಿಕೊಳ್ಳುತ್ತೇವೆ ಎಂದು ರಿಯಾಯಿತಿ ತೋರಿಸಿದರು. ಚಹಾ ಚೆನ್ನಾಗಿತ್ತು.

ಅಹಮದಾಬಾದಿನ ಮಣಿನಗರದ ನಮ್ಮ ರೈಲ್ವೆ ಕ್ವಾರ್ಟರ್ಸಿಗೆ ಮರಳಿ ಬಂದು ಇದನ್ನೆಲ್ಲ ವರದಿ ಮಾಡಿದಾಗ ಅಜ್ಜಿ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ಹುಚ್ಚ ಬಿಡೂತನಾ ಮದವಿ ಆಗೂದಿಲ್ಲ, ಮದವಿ ಆಗೂತನಾ ಹುಚ್ಚ ಬಿಡೂದಿಲ್ಲ. ಇದರಾಗ ಹೊಸಾದು ಏನದ?" ಅಂದಳು.

ನನ್ನ ಕನ್ನಡವೆಲ್ಲ ಈ ಅಜ್ಜಿಯದು. ಶಾಲೆ ಗುಜರಾತಿ, ಓಣಿ ಗುಜರಾತಿ, ಗೋಲಿಯಾಟದ ಜಗಳವೂ ಗುಜರಾತಿ. ಹೊಸ್ತಿಲು ದಾಟಿ ಒಳಗೆ ಬಂದರೆ ಧಾರವಾಡ. ಅಪ್ಪ ಮಣಿನಗರ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿದ್ದ. ಅಷ್ಟು ದೂರದ ಧಾರವಾಡ ಬಿಟ್ಟು ಇಲ್ಲಿಗೆ ಯಾಕೆ ಬಂದಿರಿ ಎಂದು ಯಾರಾದರೂ ಕೇಳಿದರೆ ಆತನ ಉತ್ತರ ಯಾವಾಗಲೂ ಒಂದೇ. ಆಗ ಎರಡೂ ಊರು ಮುಂಬೈ ಪ್ರಾಂತದಲ್ಲಿದ್ದವು. ಆಮೇಲೆ ಸರ್ಕಾರದವರು ಗೆರೆ ಸರಿಸಿದರು. ತಾನು ಕೂತ ಕುರ್ಚಿಯನ್ನು ಮಾತ್ರ ಸರಿಸಲಿಲ್ಲ.

ನನಗೆ ಮರದ ಕೆಲಸ ಹತ್ತಿದ್ದು ನದಿಯಾಚೆಯ ಬಂಗಲೆಯೊಂದರ ತೋಟದ ಉಸ್ತುವಾರಿ ಮಾಡುತ್ತಿದ್ದಾಗ. ಹಳೆಯ ಮರಗಳನ್ನು ಸವರುವುದು, ಒಣಗಿದ್ದನ್ನು ಇಳಿಸುವುದು, ಕೊಳೆತ ಪೊಟರೆ ಕೆತ್ತಿ ಡಾಂಬರು ಬಳಿಯುವುದು. ಜೊತೆಗೆ ಹತ್ತಲು ಪಂಚಮಹಾಲದ ಕಡೆಯ ಒಬ್ಬ ಜೊತೆಗಾರನಿದ್ದ, ನನಗಿಂತ ಸ್ವಲ್ಪ ದೊಡ್ಡವನು. ಬಿದಿರಿನ ಉದ್ದನೆಯ ಏಣಿಯೊಂದಿತ್ತು. ಆದರೆ ಬಂಗಲೆಯವರಿಗೆ ಮರ ನೆನಪಾಗುವುದು ವರ್ಷಕ್ಕೊಮ್ಮೆ, ಟೊಂಗೆ ಮೋಟಾರಿನ ಮೇಲೆ ಬಿದ್ದಾಗ. ಇಡೀ ವರ್ಷ ಮರಗಳಿರುವುದು ನಗರಸಭೆಯ ಹತ್ತಿರ.

ಅಪ್ಪನಿಗೆ ಈ ಕಸುಬು ಸೇರಿರಲಿಲ್ಲ. ಬರೋಡಾದ ಹತ್ತಿರ ಮಕರಪುರದಲ್ಲಿ ಆಗ ಹೊಸದಾಗಿ ಕಾರ್ಖಾನೆಗಳು ಏಳುತ್ತಿದ್ದವು. ಆತನ ಪರಿಚಯದವರೊಬ್ಬರು ಅಲ್ಲಿ ಒಂದು ಸ್ಟೋರ್ ಕೀಪರ್ ಜಾಗವನ್ನು ನನಗಾಗಿ ತಡೆದಿಟ್ಟಿದ್ದರು, ಮಳೆ ಶುರುವಾಗುವ ತನಕ.

"ಮಳಿ ಬೀಳೂದರೊಳಗ ಯಾವದರೆ ನಗರಸಭಾದ ಕೆಲಸ ಹಿಡದಿ, ಹಿಡದಿ. ಇಲ್ಲಾಂದ್ರ ಮಕರಪುರ," ಅಂದ ಅಪ್ಪ. "ಸ್ಟೋರಿನ್ಯಾಗ ಏನ ಬೇಕು? ಎಲ್ಲಾ ನೆಲದ ಮ್ಯಾಲೇ ಇರ್ತದ."

ನಾನು ಒಪ್ಪಿದೆ. ಒಪ್ಪದೆ ಬೇರೆ ದಾರಿಯಿರಲಿಲ್ಲ. ಅವ್ವ ಎರಡೂ ಕಡೆ ತಲೆಯಾಡಿಸಿದಳು. ಆಕೆ ಯಾವಾಗಲೂ ಊಟಕ್ಕೆ ಕೂತವರ ಪಕ್ಷ.

ಬೇಸಿಗೆ ಬಲಿತು ಬೇವಿನ ಹಣ್ಣು ಉದುರುವ ಹೊತ್ತಿಗೆ ನಮ್ಮ ವಾರ್ಡಿನ ಮರಗಳ ಮೇಲ್ವಿಚಾರಕರಿಗೆ ನನ್ನ ಮೇಲೆ ಕನಿಕರ ಹುಟ್ಟಿತು. ಒಳ್ಳೆಯವರು. ಬಿಸಿಲಿರಲಿ ಮೋಡವಿರಲಿ ಸೈಕಲ್ಲಿಗೆ ಛತ್ರಿ ಸಿಕ್ಕಿಸಿಕೊಂಡೇ ಬರುತ್ತಿದ್ದರು. ನಾವೆಲ್ಲ ಅವರನ್ನು ಸಾಹೇಬರೆಂದೇ ಕರೆಯುತ್ತಿದ್ದೆವು. ಒಂದು ದಿನ ನನ್ನನ್ನು ಮಣಿನಗರ ಸ್ಟೇಷನ್ನಿನ ಎದುರಿನ ಟಾಂಗಾ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಛತ್ರಿಯ ತುದಿಯಿಂದ ಮೇಲೆ ತೋರಿಸಿದರು.

"ಈ ಬೇವು ನೋಡಿ. ಇದನ್ನು ಸವರಿಕೊಡಿ. ಕೆಲಸ ಮುಗಿಸಿದ್ದಾರೆ ಅಂತ ಪತ್ರ ಬರೆದುಕೊಡ್ತೀನಿ. ಈ ವರ್ಷದ ವಾರ್ಡಿನ ಮರಗಳೂ ನಿಮ್ಮವೇ."

"ಒಂದೇ ಮರವಾ ಸಾಹೇಬ್?"

"ಒಂದೇ. ಆದರೆ ಇದನ್ನು ಇದುವರೆಗೆ ಯಾರೂ ಮುಗಿಸಿಲ್ಲ."

ಮರ ದೊಡ್ಡದು. ಅದರ ಒಂದು ಒಣ ಟೊಂಗೆ ಟಾಂಗಾ ಸ್ಟ್ಯಾಂಡಿನ ಮೇಲೆ ಅಡ್ಡಕ್ಕೆ ಚಾಚಿ, ತುದಿಯಲ್ಲಿ ಕೆಳಕ್ಕೆ ಬಾಗಿತ್ತು. ಜೋರು ಗಾಳಿ ಬಂದರೆ ಅದು ಬೀಳುವುದು ಖಂಡಿತ. ಕುದುರೆಗಳು ಅದರ ಕೆಳಗೆ ನಿಲ್ಲುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಪ್ರಯಾಣಿಕರು ಇನ್ನೂ ನಿಲ್ಲುತ್ತಿದ್ದರು.

ಯಾಕೆ ಯಾರೂ ಮುಗಿಸಿಲ್ಲ ಎಂಬುದು ಮರುದಿನ ಏಣಿ ಒರಗಿಸಿದ ಕೂಡಲೇ ತಿಳಿಯಿತು. ಎದುರಿನ ಬಟ್ಟೆ ಅಂಗಡಿಯಿಂದ ಹಿರಿಯರೊಬ್ಬರು ಕುರ್ಚಿ ಹಿಡಿದುಕೊಂಡು ಬಂದು, ಮರದ ಬುಡದಲ್ಲಿ ಹಾಕಿ, ಕೂತು, ಪತ್ರಿಕೆ ಬಿಡಿಸಿದರು. ಓಣಿಗೆಲ್ಲ ಅವರು ಕಾಕಾ. ದಿನಾ ಬೆಳಿಗ್ಗೆ ಪಾರಿವಾಳಗಳಿಗೆ ಜೋಳ ಹಾಕಿದ ಮೇಲೆಯೇ ಅಂಗಡಿಯ ಬಾಗಿಲು ತೆಗೆಯುವವರು. ಜಗಳವಾಡುತ್ತಿರಲಿಲ್ಲ, ದನಿ ಏರಿಸುತ್ತಿರಲಿಲ್ಲ. ಸುಮ್ಮನೆ ಕೂರುತ್ತಿದ್ದರು. ಕೂತ ಮನುಷ್ಯನ ಮೇಲೆ ಟೊಂಗೆ ಬೀಳಿಸುವ ಗುತ್ತಿಗೆದಾರ ಇನ್ನೂ ಹುಟ್ಟಿರಲಿಲ್ಲ.

"ಭಾಈ, ಮೇಲೆ ಗೂಡುಗಳಿವೆ," ಎಂದರು ಪತ್ರಿಕೆಯ ಹಿಂದಿನಿಂದ.

"ಯಾವ ಟೊಂಗೆಯಲ್ಲಿ ಕಾಕಾ?"

"ನಾನೇನು ಮರ ಹತ್ತುವವನೇ? ಇವೆ ಅಂದರೆ ಇವೆ."

"ಹಾಗಾದರೆ ಹೀಗೆ ಮಾಡೋಣ. ಇವತ್ತು ಕೊಡಲಿ ಇಲ್ಲದೆ ಹತ್ತುತ್ತೀನಿ. ಗೂಡಿರುವ ಪ್ರತಿ ಟೊಂಗೆಗೂ ಒಂದು ಗುರುತು ಕಟ್ಟಿ ಬರ್ತೀನಿ. ಗುರುತಿರುವ ಟೊಂಗೆಗೆ ಕೈ ಹಚ್ಚೋದಿಲ್ಲ. ನೀವೇ ಕೆಳಗಿನಿಂದ ನೋಡ್ತಾ ಇರಿ."

ಪತ್ರಿಕೆ ಮೆಲ್ಲಗೆ ಕೆಳಗಿಳಿಯಿತು. ಇಂಥ ಮಾತನ್ನು ಅವರು ಗುತ್ತಿಗೆದಾರರ ಬಾಯಲ್ಲಿ ಕೇಳಿರಲಿಲ್ಲ.

"ಮದ್ರಾಸಿನವರಲ್ಲೂ ಜೀವದಯೆ ಇದೆ ಅಂತಾಯ್ತು," ಎಂದರು. ಅಹಮದಾಬಾದಿನಲ್ಲಿ ವಿಂಧ್ಯದ ಕೆಳಗಿನದ್ದೆಲ್ಲ ಮದ್ರಾಸು. ನಾವು ತಿದ್ದುವುದನ್ನು ಬಿಟ್ಟಿದ್ದೆವು. "ಯಾವ ಗುರುತು ಕಟ್ಟುತ್ತೀಯಾ?"

"ಕೆಂಪು ಬಟ್ಟೆ."

ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವನಿಗೆ ಕೆಂಪು ಎಂದರೆ ನಿಲ್ಲು. ಹಸಿರು ಎಂದರೆ ಹೋಗು. ಮಾತು ಬರುವ ಮೊದಲೇ ನಮಗೆ ಇದು ಬಂದಿರುತ್ತದೆ. ಕೆಂಪಿಗೆ ಲೋಕದಲ್ಲಿ ಬೇರೆ ಅರ್ಥವೂ ಉಂಟು ಎಂಬುದು ಆ ಹೊತ್ತಿನಲ್ಲಿ ನನ್ನ ತಲೆಗೆ ಹೊಳೆಯಲೇ ಇಲ್ಲ. ಕಾಕಾ ಬಹಳ ಸಂತೋಷಪಟ್ಟು ಅಂಗಡಿಯೊಳಗೆ ಹೋಗಿ, ತುಂಡು ಬಟ್ಟೆಗಳ ಗಂಟೊಂದನ್ನು ತಂದು ಪುಕ್ಕಟೆಯಾಗಿ ಕೊಟ್ಟರು. ಕೆಂಪು ಬಟ್ಟೆ, ಅದರ ಮೇಲೆ ಹಳದಿ ಚುಕ್ಕಿ, ಕೆಲವಕ್ಕೆ ಜರಿಯ ಅಂಚು. ದೇವಿಗೆ ಏರಿಸುವ ಚುನರಿ ಹರಿದು ಮಿಕ್ಕ ತುಂಡುಗಳು. ದೂರದಿಂದ ಚೆನ್ನಾಗಿ ಕಾಣುತ್ತವೆ ಎಂದಷ್ಟೇ ನನಗನ್ನಿಸಿತು.

ನಾನೂ ಜೊತೆಗಾರನೂ ಮಧ್ಯಾಹ್ನದ ತನಕ ಕಟ್ಟಿದೆವು. ಕಾಗೆಯ ಗೂಡುಗಳು, ನಾಲ್ಕು ಕಡ್ಡಿ ಇಟ್ಟು ಮನೆ ಎಂದುಕೊಂಡ ಬೆಳವ, ಒಂದು ಗೊರವಂಕದ ಪೊಟರೆ. ಒಂದು ಕಡೆಯಂತೂ ಅದು ಗೂಡೋ ಸಂಕ್ರಾಂತಿಯಲ್ಲಿ ಸಿಕ್ಕಿಕೊಂಡ ಗಾಳಿಪಟದ ಅಸ್ಥಿಯೋ ತಿಳಿಯಲಿಲ್ಲ. ಅದಕ್ಕೂ ಒಂದು ಕಟ್ಟಿದೆವು. ಒಣ ಟೊಂಗೆಯಲ್ಲಿ ಗೂಡಿರಲಿಲ್ಲ. ಹಕ್ಕಿಗಳಿಗೆ ಅಷ್ಟು ಬುದ್ಧಿಯಿದೆ. ಅದನ್ನು ಹಾಗೆಯೇ ಬಿಟ್ಟೆವು.

ಮರುದಿನವೇ ಕಡಿಯಬಹುದಿತ್ತು. ಆದರೆ ಅಪ್ಪ ನನ್ನನ್ನು ಮಕರಪುರಕ್ಕೆ ಎಳೆದುಕೊಂಡು ಹೋದ. ಜಾಗ ತಡೆದಿಟ್ಟವರಿಗೆ ಒಮ್ಮೆ ಮುಖ ತೋರಿಸಬೇಕಂತೆ. ಅವರು ಪ್ರೀತಿಯಿಂದ ಇಡೀ ಸ್ಟೋರು ತೋರಿಸಿದರು. ನಟ್ಟು ಒಂದು ಕಡೆ, ಬೋಲ್ಟು ಇನ್ನೊಂದು ಕಡೆ. "ಎರಡೂ ಎಂದೂ ಕಲೆಯಬಾರದು, ಅಷ್ಟೇ ಕೆಲಸ," ಎಂದರು. ಕಿಟಕಿಯಿಂದ ಒಂದೂ ಮರ ಕಾಣುತ್ತಿರಲಿಲ್ಲ. ಅಪ್ಪ ಮೇಲ್ಛಾವಣಿಯತ್ತ, ನೆಲದತ್ತ ನೋಡಿ ತೃಪ್ತನಾದ. ಅವರ ಒತ್ತಾಯಕ್ಕೆ ಅಲ್ಲೇ ಉಳಿದು, ಮಾರನೆಯ ದಿನ ಸಂಜೆ ಮಣಿನಗರದಲ್ಲಿ ಇಳಿದೆವು.

ಸ್ಟೇಷನ್ನಿನ ಬಾಗಿಲಿಂದಲೇ ಮರ ಕೆಂಪಗೆ ಕಂಡಿತು. ನಾವು ಕಟ್ಟಿದ್ದಕ್ಕಿಂತ ಬಹಳ ಕೆಂಪಗೆ. ಕಾಂಡಕ್ಕೆ ನೂಲು ಸುತ್ತಿತ್ತು. ಬುಡದಲ್ಲಿ ಒಡೆದ ತೆಂಗಿನಕಾಯಿ, ಊದುಬತ್ತಿ, ಗಾಳಿಗೆ ಆರದಂತೆ ಇಟ್ಟಿಗೆ ಮರೆ ಮಾಡಿದ ದೀಪ. ಕೈಗೆಟಕುವ ಎತ್ತರದ ಹಸಿ ಟೊಂಗೆಗಳಿಗೆಲ್ಲ ಚಿಂದಿ, ರಿಬ್ಬನ್, ಚುನರಿ. ಹೆಂಗಸರ ಒಂದು ಗುಂಪು ಪ್ರದಕ್ಷಿಣೆ ಹಾಕುತ್ತಿತ್ತು.

"ಏನಣ್ಣ ಇದು?" ಎಂದು ನನ್ನ ಗುರುತಿಲ್ಲದ ಒಬ್ಬ ಟಾಂಗಾದವನನ್ನು ಕೇಳಿದೆ.

"ಬಹಳ ಸತ್ಯದ ಜಾಗ ಸಾಹೇಬ್. ಯಾರೋ ಮದ್ರಾಸಿಯಂತೆ, ದೂರದಿಂದ ಬಂದವನಂತೆ. ತುದಿಯವರೆಗೆ ಹತ್ತಿ ಹರಕೆ ಕಟ್ಟಿದನಂತೆ. ಅಂಥ ಕಷ್ಟ. ಮರುದಿನ ಬೆಳಿಗ್ಗೆ ಅವನಿಗೆ ಕೆಲಸ ಸಿಕ್ಕು ರೈಲು ಹತ್ತಿ ಹೋದನಂತೆ."

ಅಪ್ಪ ಹಿಂದೆ ನಿಂತು ಇದನ್ನು ಕೇಳಿಸಿಕೊಂಡ. "ಅರ್ಧಾ ಖರೇನ ಅದ," ಅಂದು ಮನೆಯ ಕಡೆ ನಡೆದ.

ಕಾಕಾ ತಮ್ಮ ಅಂಗಡಿಯ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದರು. "ಹೇಳಿದೆ ಭಾಈ. ಇದು ಗೂಡಿನ ಗುರುತು, ಹರಕೆಯಲ್ಲ ಅಂತ ಎಲ್ಲರಿಗೂ ಹೇಳಿದೆ. ಹಕ್ಕಿಗಳೂ ಇದೇ ಮರ ಆರಿಸಿಕೊಂಡಿವೆ ಅಂದಮೇಲೆ ಜಾಗ ಇನ್ನೂ ಒಳ್ಳೆಯದು ಅಂದರು. ನಾನೇನು ಮಾಡಲಿ?"

ಮರುದಿನ ಬೆಳಿಗ್ಗೆ ಸಾಹೇಬರು ಬಂದರು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಬಹಳ ಹೊತ್ತು ಮೇಲೆ ನೋಡಿದರು.

"ನಾನು ನಿಮಗೆ ಒಂದು ಮರ ಕೊಟ್ಟಿದ್ದೆ. ನೀವು ದೇವಸ್ಥಾನ ಮಾಡಿಟ್ಟಿದ್ದೀರಿ. ದೇವಸ್ಥಾನ ಬೇರೆ ಇಲಾಖೆ," ಎಂದರು.

ನಾನು ನಡೆದದ್ದನ್ನು ಹೇಳಿದೆ. ಅವರು ಕೇಳಿಸಿಕೊಂಡರು. ಕನಿಕರ ಇನ್ನೂ ಪೂರ್ತಿ ಬತ್ತಿರಲಿಲ್ಲ.

"ಸರಿ. ಹಸಿ ಟೊಂಗೆ ಯಾವುದನ್ನೂ ಮುಟ್ಟಬೇಡಿ. ಆ ಒಣಗಿದ್ದು ಒಂದನ್ನು ಮಳೆಗಾಳಿಗೆ ಮೊದಲು ಇಳಿಸಿಬಿಡಿ, ಪತ್ರ ಕೊಡ್ತೀನಿ. ಅದು ಯಾರ ತಲೆಯ ಮೇಲಾದರೂ ಬಿದ್ದರೆ ಅದು ನನ್ನ ಇಲಾಖೆ."

ಕಾಕಾ ತಕ್ಷಣ ಒಪ್ಪಿದರು. ಒಣಗಿದ ಟೊಂಗೆಗೆ ಯಾರೂ ಹರಕೆ ಕಟ್ಟುವುದಿಲ್ಲ, ಅಪಶಕುನ. ಆದರೂ ಒಮ್ಮೆ ನೋಡಿಬಿಡೋಣ ಎಂದು ಅದರ ಉದ್ದಕ್ಕೂ ಕೆಳಗೆ ನಡೆದುಕೊಂಡು ಹೋದರು. ಬಾಗಿದ ತುದಿಯ ಹತ್ತಿರ ನಿಂತರು.

"ಇದು ಯಾರದು?"

ಒಣ ಕಡ್ಡಿಯೊಂದಕ್ಕೆ ಒಂದು ಪಟ್ಟಿ ಬಟ್ಟೆ ಗಂಟು ಹಾಕಿತ್ತು. ಚುನರಿಯಲ್ಲ, ರಿಬ್ಬನ್ನಲ್ಲ. ಅಡಿಕೆ ಕೆಂಪಿನ ದಪ್ಪ ಅಂಚು, ನಡುವೆ ಹಳದಿಯ ಸಣ್ಣ ಗೆರೆ. ಇಳಕಲ್ ಸೀರೆಯ ಅಂಚು. ಇಡೀ ಮಣಿನಗರದಲ್ಲಿ ಆ ಅಂಚಿನ ಸೀರೆ ಒಂದೇ ಇತ್ತು, ಅದು ನಮ್ಮ ಮನೆಯ ಹಿತ್ತಲಲ್ಲಿ ಒಣಗುತ್ತಿತ್ತು.

"ಯಾರದೋ ಏನೋ," ಎಂದು ಸಾಹೇಬರು ಛತ್ರಿಯ ತುದಿ ಚಾಚಿದರು.

ಕಾಕಾ ತಡೆದರು. "ಹಾಗೆ ಮುಟ್ಟುವಂತಿಲ್ಲ ಸಾಹೇಬ್. ಕಟ್ಟಿದವರೇ ಬಿಚ್ಚಬೇಕು. ಅದೂ ಬೇಡಿಕೊಂಡದ್ದು ತೀರಿದ ಮೇಲೆ. ಅಲ್ಲಿಯವರೆಗೆ ಈ ಟೊಂಗೆ ಅವರದು."

ಮೂವರಲ್ಲಿ ಒಬ್ಬನಿಗೆ ಮಾತ್ರ ಅದು ಯಾರದೆಂದು ಗೊತ್ತಿತ್ತು. ನಾಳೆ ಬೆಳಿಗ್ಗೆ ಅವರನ್ನು ಕರೆತರುತ್ತೇನೆ ಎಂದು ಹೇಳಿ ಮನೆಗೆ ಬಂದೆ.

ಅಜ್ಜಿ ಗೋಧಿ ಹಸನು ಮಾಡುತ್ತಿದ್ದಳು. ಅಪ್ಪ ಡ್ಯೂಟಿಗೆ ಹೊರಡುವ ಮೊದಲು ಪತ್ರಿಕೆ ಓದುತ್ತಿದ್ದ.

"ಅಜ್ಜೀ, ನಿನ್ನ ಇಳಕಲ್ಲ ಸೀರಿ ಅಂಚು ಎಲ್ಲದ?"

"ಹರದಿತ್ತು. ತಗದೆ."

"ತಗದು ಏನ ಮಾಡಿದಿ?"

"ಎಲ್ಲಾರೂ ಗಿಡಕ್ಕ ಕಟ್ಟಲಿಕ್ಹತ್ತಿದ್ರು. ನಾನೂ ಕಟ್ಟಿದೆ. ನೀವು ಅಪ್ಪಾ ಮಗಾ ಊರಾಗ ಇರಲಿಲ್ಲ, ಯಾರನ್ನ ಕೇಳ್ಲಿ?" ನಮ್ಮ ಕಡೆ ಮರವೆಲ್ಲ ಗಿಡವೇ, ಎಷ್ಟೇ ದೊಡ್ಡದಿರಲಿ.

"ಒಣಾ ಟೊಂಗಿಗೆ ಕಟ್ಟೀಯಲ್ಲಾ!"

"ಟಾಂಗಾದಾಂವ ಕುದರಿ ಬಿಚ್ಚಿ, ಕೈಹಿಡದು ಗಾಡಿ ಪಾವಟಿಗಿ ಮ್ಯಾಲೆ ನಿಂದರಿಸಿದಾ. ಕೆಳಗಿನವೆಲ್ಲಾ ತುಂಬಿದ್ದವು, ಕೈಗೆ ಎಟಕಿದ್ದು ಅದೊಂದ. ಒಣಗಿದ್ದೋ ಹಸಿದೋ ನನ್ನ ಕಣ್ಣಿಗೇನ ಕಾಣಸ್ತದ? ದೇವರಿಗೆ ಕಾಣಸ್ತದಲ್ಲ, ಸಾಕು."

"ಏನಂತ ಬೇಡ್ಕೊಂಡಿ?"

"ಬ್ಯಾಡ್ಕೊಂಡದ್ದು ಬಾಯಿ ಬಿಟ್ಟ ಹೇಳಬಾರದು."

ಹೇಳುವುದೇನಿತ್ತು, ನನಗೆ ಗೊತ್ತೇ ಇತ್ತು. ಮೊಮ್ಮಗನಿಗೆ ಕೆಲಸ ಸಿಗಲಿ ಎಂದು ಕಟ್ಟಿದ್ದಾಳೆ. ನಾನು ಆಕೆಯ ಮುಂದೆ ಕೂತು ಬಿಡಿಸಿ ಹೇಳಿದೆ. "ನೋಡು. ಗುತ್ತಿಗಿ ಸಿಗಬೇಕಾದ್ರ ಟೊಂಗಿ ಕಡೀಬೇಕು. ಟೊಂಗಿ ಕಡೀಬೇಕಾದ್ರ ನೀ ಗಂಟ ಬಿಚ್ಚಬೇಕು. ನೀ ಬಿಚ್ಚಬೇಕಾದ್ರ ಹರ್ಕಿ ತೀರಬೇಕು. ಹರ್ಕಿ ತೀರಬೇಕಾದ್ರ ಗುತ್ತಿಗಿ ಸಿಗಬೇಕು."

"ಹುಚ್ಚ ಬಿಡೂತನಾ ಮದವಿ ಆಗೂದಿಲ್ಲ," ಅಂದ ಅಪ್ಪ ಪತ್ರಿಕೆಯ ಹಿಂದಿನಿಂದ. ಆ ಮನೆಯಲ್ಲಿ ಗಾದೆ ಎಲ್ಲರ ಆಸ್ತಿ.

ಅಜ್ಜಿ ಒಂದು ಹರಳು ಆರಿಸಿ ಪಕ್ಕಕ್ಕಿಟ್ಟಳು. "ಗುತ್ತಿಗಿ ಸಿಗಲಿ ಅಂತ ಬ್ಯಾಡ್ಕೊಂಡೇನಿ ಅಂತ ನಿನಗ ಯಾರ ಹೇಳಿದ್ರು?"

ಪತ್ರಿಕೆ ಕೆಳಗಿಳಿಯಿತು. ಅಪ್ಪನ ಮುಖದಲ್ಲಿ ನಾನು ಅಪರೂಪಕ್ಕೆ ಕಾಣುತ್ತಿದ್ದ ಒಂದು ನೆಮ್ಮದಿಯಿತ್ತು. ಮುದುಕಿ ಮಕರಪುರದ ಪರವಾಗಿ ಕಟ್ಟಿದ್ದಾಳೆ ಎಂದು ಆತ ತಿಳಿದ. ನಾನೂ ಹಾಗೆಯೇ ತಿಳಿದೆ. ಆ ದಿನ ಊಟದ ಹೊತ್ತಿಗೆ ನನ್ನ ತಲೆಯಲ್ಲಿ ನಟ್ಟು ಒಂದು ಕಡೆ, ಬೋಲ್ಟು ಇನ್ನೊಂದು ಕಡೆ ಇದ್ದವು.

ಬೆಳಗಾದಾಗ ಮೋಡ ಕವಿದಿತ್ತು. ಗಾಳಿಗೆ ಮಣ್ಣಿನ ವಾಸನೆ. ಅಜ್ಜಿ ಸ್ನಾನ ಮುಗಿಸಿ, ಅಂಚಿಲ್ಲದ ಇಳಕಲ್ ಸೀರೆಯನ್ನೇ ಉಟ್ಟು, ನನ್ನ ಕೈ ಹಿಡಿದು ಹೊರಟಳು. ಅಪ್ಪನೂ ಹಿಂದೆ ಬಂದ. ಡ್ಯೂಟಿಗೆ ಹೇಗೂ ಅದೇ ದಾರಿ ಎಂದು ಯಾರೂ ಕೇಳದಿದ್ದರೂ ಹೇಳಿದ.

ಮರದ ಕೆಳಗೆ ಕಾಕಾ ತಮ್ಮ ಕುರ್ಚಿಯನ್ನು ಅಜ್ಜಿಗೆ ಬಿಟ್ಟುಕೊಟ್ಟರು. ಅಜ್ಜಿಗೆ ಗುಜರಾತಿ ಬರುತ್ತಿರಲಿಲ್ಲ. ಇಷ್ಟು ವರ್ಷವೂ ಆಕೆ ಕನ್ನಡದಲ್ಲಿ ಹೇಳಿ ಓಣಿಯವರು ಗುಜರಾತಿಯಲ್ಲಿ ಉತ್ತರಿಸಿ ಯಾರಿಗೂ ಏನೂ ಕಡಿಮೆಯಾಗಿರಲಿಲ್ಲ. ಆದರೆ ಇದು ನ್ಯಾಯದ ವಿಷಯವಾದ್ದರಿಂದ ನಡುವೆ ನಾನು ನಿಂತೆ.

"ಬಾ," ಎಂದರು ಕಾಕಾ. ಹಿರಿಯ ಹೆಂಗಸರನ್ನು ಅಲ್ಲಿ ಹಾಗೆಯೇ ಕರೆಯುವುದು, ತಾಯಿ ಎಂದಂತೆ. "ನೀವು ಬೇಡಿಕೊಂಡದ್ದು ತೀರಿದೆಯಾ?"

"ಮೊನ್ನೆದು ತೀರೇದ," ಅಂದಳು ಅಜ್ಜಿ. "ಇವತ್ತಿಂದು ಇನ್ನೂ ತೀರಿಲ್ಲ."

ಕಾಕಾ ನನ್ನ ಮುಖ ನೋಡಿದರು. ನಾನು ಅಜ್ಜಿಯ ಮುಖ ನೋಡಿದೆ.

"ಅಂದ್ರ ಏನಂತ ಬೇಡ್ಕೊಂಡಿ ಅಜ್ಜೀ? ಹೇಳಬೇಕಾಗ್ತದ ಈಗ."

ಅಜ್ಜಿಗೆ ಸಿಟ್ಟು ಬಂತು. "ಹೇಳಸ್ತಾನ ನೋಡು, ನಾಲ್ಕ ಮಂದಿ ಮುಂದ! ಹತ್ತಿದಾಂವ ಹತ್ತಿದ್ಹಾಂಗ ಇಳದು ಬರಲಿ ಅಂತ ಬೇಡ್ಕೊಂಡೇನಿ. ಮತ್ತೇನ ಬೇಡ್ಕೊಳ್ಲಿ? ಗುತ್ತಿಗಿ ಸಿಗತಾವ, ಬಿಡತಾವ. ನೀ ಮೊನ್ನೆ ಆ ತುದೀ ಮ್ಯಾಲೆ ಹೋಗಿ ಕೂತಿದ್ದೀಯಂತ. ಟಾಂಗಾದಾಂವ ಕೈ ಎತ್ತಿ ತೋರಿಸಿದಾ. ನಂಗ ಬರೇ ಹಸರ ಕಂಡಿತು."

ನಾನು ತರ್ಜುಮೆ ಮಾಡಿದೆ. ಅಪ್ಪ ಗಡಿಯಾರ ನೋಡಿಕೊಂಡ, ಹೋಗಲಿಲ್ಲ.

ಕಾಕಾ ಕಣ್ಣು ಮುಚ್ಚಿ ಯೋಚಿಸಿದರು. ಅವರದು ವ್ಯಾಪಾರಿಯ ತಲೆ, ಪದರ ಪದರವಾಗಿ ಬಿಡಿಸಿ ನೋಡುವುದು ಅಭ್ಯಾಸ.

"ಹಾಗಾದರೆ ಹೀಗೆ. ಭಾಈ ಮರದ ಮೇಲಿರುವ ತನಕ ಹರಕೆ ನಡೆಯುತ್ತಾ ಇದೆ. ಆಗ ಟೊಂಗೆ ಕಡಿಯುವಂತಿಲ್ಲ. ಭಾಈ ಕೆಳಗಿಳಿದರೆ ಹರಕೆ ತೀರಿತು. ಆಗ ಕಡಿಯಬಹುದು. ಆದರೆ ಆಗ ಮೇಲೆ ಯಾರೂ ಇಲ್ಲ."

ಸಾಹೇಬರು ಆಕಾಶ ನೋಡಿದರು. ದೂರದಲ್ಲಿ ಒಮ್ಮೆ ಗುಡುಗಿತು. "ಇವರ ಜೊತೆಗಾರ ಹತ್ತಿ ಕಡೀಲಿ," ಎಂದರು. "ಹರಕೆ ಇರೋದು ಮೊಮ್ಮಗನ ಮೇಲೆ ತಾನೆ? ಮೊಮ್ಮಗ ಕೆಳಗೇ ನಿಲ್ಲಲಿ."

ಇದು ನ್ಯಾಯವಾಗಿತ್ತು. ಕಾಕಾ ತಲೆದೂಗಿದರು. ನಾನು ಅಜ್ಜಿಗೆ ಹೇಳಿದೆ. ಅಜ್ಜಿ ಏಣಿಯ ಹತ್ತಿರ ನಿಂತಿದ್ದ ಜೊತೆಗಾರನನ್ನು ಮೇಲಿಂದ ಕೆಳಗೆ ನೋಡಿದಳು.

"ಅಂವಾ ಬಿದ್ರ ನಡೀತದೇನು? ನಿಮ್ಮಜ್ಜಿ ಎಲ್ಲಿರ್ತಾಳೋ ತಮ್ಮಾ?"

ತರ್ಜುಮೆಯಾಯಿತು. "ತೀರಿಕೊಂಡು ಬಹಳ ವರ್ಷ ಆಯ್ತು, ಬಾ," ಎಂದ ಆತ.

ಅಜ್ಜಿ ನಿಟ್ಟುಸಿರು ಬಿಟ್ಟಳು. "ಹಂಗಾರ ಇಂವಂದೂ ನನ್ನ ಮ್ಯಾಲೇ ಬಂತು." ನನ್ನ ಕಡೆ ತಿರುಗಿ ಕೇಳಿದಳು, "ನೀವಿಬ್ಬರೂ ಹತ್ತೂದು ಯಾತರ ಮ್ಯಾಲೆ?"

"ಇದರ ಮ್ಯಾಲೆ. ನಿಚ್ಚಣಿಕಿ."

"ಹಂಗಾರ ಗಿಡಕ್ಕ ಕಟ್ಟಿದ್ದ ತಪ್ಪು. ಗಿಡ ಇಲ್ಲೇ ಇರ್ತದ. ನಾಳೆ ನೀ ಮತ್ತೊಂದು ಗಿಡಕ್ಕ ಹೋಗ್ತೀ. ನಿಚ್ಚಣಿಕಿ ನಿನ್ನ ಸಂಗತೀನ ಬರ್ತದ."

ಹೀಗೆಂದು ಎದ್ದಳು. ಟಾಂಗಾದವನು ಗಾಡಿಯನ್ನು ಬಾಗಿದ ತುದಿಯ ಕೆಳಗೆ ತಂದ. ಕುದುರೆ ಒಪ್ಪಲಿಲ್ಲ, ಕುದುರೆ ಬಿಚ್ಚಿ ನಾವೇ ತಳ್ಳಿದೆವು. ಅಜ್ಜಿ ಪಾವಟಿಗೆಯ ಮೇಲೆ ನಿಂತು, ತಡಕಾಡಿ, ಗಂಟು ಬಿಚ್ಚಿದಳು. ಕೆಳಗಿಳಿದು ಏಣಿಯ ಹತ್ತಿರ ಬಂದಳು. ನಾನು ಮೇಲಿನ ಮೆಟ್ಟಿಲಿಗೆ ಕಟ್ಟಲು ಕೈ ಚಾಚಿದೆ.

"ಮ್ಯಾಲೆ ಯಾಕೋ? ಹತ್ತೂದಕ್ಕ ಯಾರ ಹರ್ಕಿ ಕಟ್ಟತಾರ? ಕೆಳಗಿನ ಮೆಟ್ಟಲದ ಬಾಜೂಕ ಕಟ್ಟತೇನಿ. ಕಾಲ ತಾಕಬಾರದು, ಕಣ್ಣಿಗೆ ಕಾಣಬೇಕು. ಅದು ಕಂಡ್ರ ನೀ ಇಳದಿ ಅಂತ ತಿಳಕೋ."

ಸಾಹೇಬರು ಕಾಕಾನ ಕಡೆ ತಿರುಗಿದರು. "ಇದು ನಡೆಯುತ್ತದಾ?"

"ಹರಕೆಗೆ ಟ್ರಾನ್ಸ್‌ಫರ್ ಇದೆ ಅಂತ ನಾನು ಕೇಳಿರಲಿಲ್ಲ," ಎಂದರು ಕಾಕಾ. ಅಪ್ಪನ ರೈಲ್ವೆ ಟೋಪಿಯ ಕಡೆ ನೋಡಿದರು. "ಆದರೆ ಇವರು ರೈಲ್ವೆಯವರು. ಇವರಲ್ಲಿ ಇದ್ದರೂ ಇರಬಹುದು."

ನಾನು ಹತ್ತಿದೆ. ಹಗ್ಗ ಕಟ್ಟಿ, ತುದಿಯಿಂದ ತುಂಡು ತುಂಡಾಗಿ ಟೊಂಗೆಯನ್ನು ಇಳಿಸಿದೆವು. ಒಂದು ಗೂಡೂ ಅಲುಗಲಿಲ್ಲ, ಒಂದು ಚುನರಿಯೂ ಕದಲಲಿಲ್ಲ. ಕೊನೆಯ ತುಂಡು ನೆಲ ಮುಟ್ಟಿದಾಗ ಮಳೆಯ ದೊಡ್ಡ ಹನಿಗಳು ಶುರುವಾದವು. ಕೆಳಗೆ ಅಜ್ಜಿಯ ಮೇಲೆ ಸಾಹೇಬರ ಛತ್ರಿ ಇತ್ತು. ಆ ಛತ್ರಿ ಬಿಡಿಸಿದ್ದನ್ನು ನಾನು ಕಂಡದ್ದು ಆ ಒಂದೇ ಸಲ. ನಾನು ಇಳಿದು, ಏಣಿಯ ಕೆಳಗಿನ ಮೆಟ್ಟಿಲ ಪಕ್ಕದ ಅಡಿಕೆ ಕೆಂಪು ಕಂಡು, ನೆಲಕ್ಕೆ ಕಾಲಿಟ್ಟೆ.

"ಇಳದೆ ಅಜ್ಜೀ."

"ಹೂಂ. ನಡೀ ಇನ್ನ, ಹಸಿವಿ ಆಗೇದ."

ಪತ್ರ ಬಂತು. ಒಂದು ಬೇವಿನ ಮರವನ್ನು ತೃಪ್ತಿಕರವಾಗಿ ನೋಡಿಕೊಂಡಿದ್ದಾರೆ ಎಂದು ಅದರಲ್ಲಿತ್ತು. ಆ ವರ್ಷದ ವಾರ್ಡಿನ ಮರಗಳು ಬಂದವು. ಮರುವರ್ಷ ಪತ್ರ ನೋಡಿ ಬರೋಡಾದವರು, ಅಹಮದಾಬಾದೇ ಕೊಟ್ಟಮೇಲೆ ನಮ್ಮದೇನು ಎಂದರು. ಸೂರತ್ತಿನವರು ಕೊಟ್ಟ ಮಾತಿನಂತೆ ನಡೆಸಿಕೊಂಡರು, ಮೊದಲು ಚಹಾ ಕೊಟ್ಟರು. ಮಕರಪುರದ ಜಾಗಕ್ಕೆ ಬೇರೆ ಯಾರೋ ಸೇರಿ ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಇಟ್ಟರು. ಸ್ಟೇಷನ್ನಿನ ಬೇವು ಮಾತ್ರ ನನ್ನ ಪಟ್ಟಿಯಲ್ಲಿ ಮತ್ತೆಂದೂ ಬರಲಿಲ್ಲ. ಅದು ಬೇರೆ ಇಲಾಖೆಗೆ ಹೋಯಿತು.

ಅಹಮದಾಬಾದಿನಲ್ಲಿ ಕೆಲಸವಿದ್ದಾಗ ತೊಂದರೆಯಿರಲಿಲ್ಲ. ಸಂಜೆ ಹೊಸ್ತಿಲಲ್ಲಿ ನಿಂತು "ಇಳದೆ" ಎಂದ ಮೇಲೆಯೇ ಅಜ್ಜಿ ಊಟಕ್ಕೆ ಏಳುತ್ತಿದ್ದಳು. ಬರೋಡಾದ ಕೆಲಸ ಶುರುವಾದಾಗ ಅಲ್ಲೇ ಕೋಣೆ ಮಾಡಿಕೊಂಡೆ. ಅಜ್ಜಿಯ ಊಟದ ವಿಚಾರ ನನಗೆ ನೆನಪಾಗಲಿಲ್ಲ ಎನ್ನುವುದಕ್ಕಿಂತ, ನೆನಪಾದರೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಮೊದಲ ವಾರವೇ ಒಂದು ಸಂಜೆ, ಸ್ಟೇಷನ್ನಿನ ಹೊರಗಿನ ರಸ್ತೆಯಲ್ಲಿ ಏಣಿ ಎತ್ತಿಡುತ್ತಿದ್ದಾಗ, ಬಿಳಿ ಉಡುಪಿನ ಗಾರ್ಡೊಬ್ಬರು ಕೈಯಲ್ಲಿ ಹಸಿರು ಕೆಂಪು ಬಾವುಟಗಳನ್ನು ಹಿಡಿದುಕೊಂಡೇ ಅವಸರವಾಗಿ ಬಂದರು.

"ಮರದ ಕೆಲಸದ ಮದ್ರಾಸಿ ನೀವೇನಾ?"

"ಹೌದು."

"ಮಣಿನಗರದ ಪಾರ್ಸೆಲ್ ಬಾಬು ಕೇಳಿದ್ದಾರೆ. ಇಳಿದಿರಾ, ಇಲ್ಲವಾ?"

"ಇಳಿದೆ."

"ಎಲ್ಲಿಂದ?"

"ಅವರು ಹೇಳಲಿಲ್ಲವಾ?"

"ಇಲ್ಲ. ಇಳಿದನಾ ಕೇಳಿಕೊಂಡು ಬನ್ನಿ ಅಂದರು, ಅಷ್ಟೇ. ನನ್ನ ಗಾಡಿಗೆ ಹೊತ್ತಾಯ್ತು," ಎಂದು ಹೊರಟೇಹೋದರು.

ಆಮೇಲೆ ಅವ್ವ ಹೇಳಿದ್ದು. ಸಂಜೆಯ ಪ್ಯಾಸೆಂಜರ್ ಮಣಿನಗರದಲ್ಲಿ ನಿಂತಾಗ ಗಾರ್ಡ್ ಗಾಡಿಯ ಕೊನೆಯಲ್ಲಿನ ತಮ್ಮ ಡಬ್ಬಿಯಿಂದ ಬಾಗಿ "ಊತರಿ ಗಯೋ!" ಎಂದು ಕೂಗುತ್ತಿದ್ದರಂತೆ, ಇಳಿದ ಎಂದು. ಪ್ಲಾಟ್‌ಫಾರ್ಮಿನಲ್ಲಿದ್ದವರು ಇಳಿದವರು ಯಾರೆಂದು ಅತ್ತಿತ್ತ ನೋಡುತ್ತಿದ್ದರಂತೆ. ಅಪ್ಪ ಮನೆಗೆ ಬಂದು, ಟೋಪಿಯನ್ನು ಗೂಟಕ್ಕೆ ಹಾಕಿ, ಗಾಡಿ ಬಂದ ವರದಿ ಕೊಡುವ ದನಿಯಲ್ಲಿಯೇ ಅಜ್ಜಿಗೆ "ಇಳದಾನಂತ" ಎನ್ನುತ್ತಿದ್ದನಂತೆ. ಅಜ್ಜಿ "ಹೂಂ" ಎಂದು ತಟ್ಟೆಯ ಮುಂದೆ ಕೂರುತ್ತಿದ್ದಳಂತೆ. ಜೊತೆಗಾರನದ್ದನ್ನೂ ಕೇಳಿ ತಿಳಿದುಕೊಂಡೇ ತುತ್ತು ಎತ್ತುತ್ತಿದ್ದಳಂತೆ. ಅಪ್ಪ ಈ ಏರ್ಪಾಡಿನ ಬಗ್ಗೆ ನನಗೆ ಒಮ್ಮೆಯೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಸಂಜೆಯಾದರೆ ಗಾರ್ಡಿನ ಡಬ್ಬಿಯ ಎದುರು ಹೋಗಿ ನಿಲ್ಲುತ್ತಿದ್ದೆ.

ಸೂರತ್ತಿನದೇ ಕಷ್ಟವಾಯಿತು. ದೂರ ಹೆಚ್ಚು. ನಾನು ಸಂಜೆ ಇಳಿದ ಸುದ್ದಿ ಮಣಿನಗರಕ್ಕೆ ತಲುಪುವಾಗ ಬೆಳಗಾಗುತ್ತಿತ್ತು. ಅಜ್ಜಿ ಆ ಊರಿಗೆ ಮಾತ್ರ ನಿಯಮ ಸಡಿಲಿಸಿ, ಹಿಂದಿನ ದಿನದ ಇಳಿಯುವಿಕೆಯ ಮೇಲೆ ರಾತ್ರಿ ಊಟ ಮಾಡಲು ಒಪ್ಪಿದಳು. ಬೆಳಿಗ್ಗೆ ಅಪ್ಪ ಬಂದು "ಇಳದಾನಂತ" ಎನ್ನುತ್ತಿದ್ದ. ಆ ಹೊತ್ತಿಗೆ ನಾನು ಮತ್ತೆ ಹತ್ತಿರುತ್ತಿದ್ದೆ.